ಶೇಡಿ ಮಣ್ಣಿನಿಂದ ಮಂಗಳದವರೆಗೆ

2023ರ ಜುಲೈ 14ರಂದು ಶ್ರೀಹರಿಕೋಟಾದಿಂದ ಹೊರಟ ಚಂದ್ರಯಾನ-3ರಲ್ಲಿ ರಾಕೆಟ್ಟಿನ ಪಾಲಿನ ಕೆಲಸ ಸುಮಾರು 16 ನಿಮಿಷಕ್ಕೆ ಮುಗಿಯಿತು. ಟಿ.ವಿ. ಮುಂದೆ ಕುಳಿತವರು ಚಪ್ಪಾಳೆ ತಟ್ಟಿ ಎದ್ದರು. ನೌಕೆ ಚಂದ್ರನ ನೆಲ ಮುಟ್ಟಿದ್ದು ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ. ನಡುವೆ ಹೋದ 40 ದಿನಗಳಲ್ಲಿ ಏನು ನಡೆಯಿತು? ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಯಾವ ಶಾಲೆಯ ವಿಜ್ಞಾನ ಮೇಳಕ್ಕೆ ಹೋದರೂ ಥರ್ಮಾಕೋಲಿನ ರಾಕೆಟ್ಟು ಒಂದಾದರೂ ನಿಂತಿರುತ್ತದೆ. ಆ 40 ದಿನಗಳನ್ನು ಮೇಜಿನ ಮೇಲಿಟ್ಟ ಮಕ್ಕಳನ್ನು ನಾನಿನ್ನೂ ನೋಡಿಲ್ಲ. ಅವರ ತಪ್ಪೂ ಅಲ್ಲ. ರಾಕೆಟ್ಟಿಗೆ ಬೆಂಕಿ ಇದೆ, ಹೊಗೆ ಇದೆ, ಸದ್ದು ಇದೆ. ಉಳಿದದ್ದೆಲ್ಲ ಕಾಗದದ ಮೇಲಿನ ಲೆಕ್ಕ.

ಪದವಿ ಮುಗಿಸಿ ಬಾಹ್ಯಾಕಾಶದ ವಿಷಯದಲ್ಲಿ ಎಂ.ಟೆಕ್., ಪಿಎಚ್.ಡಿ. ಮಾಡುತ್ತೇನೆ ಎನ್ನುವವರ ಪೈಕಿ ಬಹಳ ಮಂದಿ ಮಾಡುವುದು ಈ ಲೆಕ್ಕದ ಕೆಲಸವನ್ನೇ. ನೌಕೆ ಯಾವ ದಾರಿಯಲ್ಲಿ ಹೋಗಬೇಕು ಎನ್ನುವುದು ಒಂದು ವಿಷಯ. ಹೋಗುವಾಗ ಅದು ಹೇಗೆ ಹೊರಳುತ್ತದೆ, ಹೇಗೆ ನೆಟ್ಟಗೆ ನಿಲ್ಲುತ್ತದೆ ಎನ್ನುವುದು ಇನ್ನೊಂದು. ತಲುಪಿದ ಮೇಲೆ ಅಲ್ಲಿಯ ಕಲ್ಲು, ಮಣ್ಣು, ಗಾಳಿಯಿಂದ ಏನು ತಿಳಿಯುತ್ತದೆ ಎನ್ನುವುದು ಮತ್ತೊಂದು.

ದಾರಿಯ ವಿಷಯ ನಮ್ಮ ಮಾಣಿ ಊರಿನವರಿಗೆ ಬೇಗ ಅರ್ಥವಾದೀತು. ಮಂಗಳೂರಿನಿಂದ ಬಂದ ಹೆದ್ದಾರಿ ಇಲ್ಲಿ ಕವಲೊಡೆಯುತ್ತದೆ. ನೇರ ಹೋದರೆ ಉಪ್ಪಿನಂಗಡಿ, ಶಿರಾಡಿ ಘಾಟಿ, ಹಾಸನ. ಬಲಕ್ಕೆ ಹೊರಳಿದರೆ ಪುತ್ತೂರು, ಸುಳ್ಯ, ಸಂಪಾಜೆ, ಮಡಿಕೇರಿ, ಮೈಸೂರು. ಎರಡೂ ಕೊನೆಗೆ ಬೆಂಗಳೂರಿಗೇ. ಯಾವುದು ಹತ್ತಿರ ಎಂದು ಯಾರು ಬೇಕಾದರೂ ಹೇಳುತ್ತಾರೆ. ಆದರೆ ಲಾರಿಗೆ ಎಷ್ಟು ಲೋಡು ಹಾಕಿದೆ, ಡೀಸೆಲ್ ಎಷ್ಟಿದೆ, ಮಳೆಗೆ ಯಾವ ಘಾಟಿ ಮುಚ್ಚಿದೆ ಎಂದು ನೋಡಿಯೇ ಚಾಲಕ ಸ್ಟಿಯರಿಂಗ್ ತಿರುಗಿಸುತ್ತಾನೆ. 2018ರ ಆಗಸ್ಟಿನಲ್ಲಿ ಶಿರಾಡಿಯೂ ಸಂಪಾಜೆಯೂ ಕುಸಿದಾಗ ಹತ್ತಿರದ ದಾರಿ ಎಂಬ ಮಾತಿಗೇ ಅರ್ಥ ಉಳಿಯಲಿಲ್ಲ. ಬಾಹ್ಯಾಕಾಶದಲ್ಲಿ ಇದಕ್ಕಿಂತ ಒಂದು ಫಜೀತಿ ಹೆಚ್ಚು. ಅಲ್ಲಿ ಬೆಂಗಳೂರೂ ಓಡುತ್ತಿರುತ್ತದೆ, ಮಾಣಿಯೂ ಓಡುತ್ತಿರುತ್ತದೆ.

2013ರಲ್ಲಿ ಎರಡು ನೌಕೆಗಳು ಇಂಥದ್ದೇ ಎರಡು ದಾರಿ ಹಿಡಿದವು. ಇಸ್ರೋದ ಮಂಗಳಯಾನ ನವೆಂಬರ್ 5ರಂದು ಹೊರಟಿತು, ನಾಸಾದ ಮೇವನ್ ನವೆಂಬರ್ 18ರಂದು. 13 ದಿನ ತಡವಾಗಿ ಹೊರಟ ಮೇವನ್ ನಮಗಿಂತ ಎರಡು ದಿನ ಮುಂಚೆ ಮಂಗಳ ತಲುಪಿತು. ಅದನ್ನು ಹೊತ್ತದ್ದು ಅಟ್ಲಾಸ್-5 ಎಂಬ ಬಲಶಾಲಿ ರಾಕೆಟ್ಟು; ಭೂಮಿಯಿಂದ ನೇರ ಮಂಗಳದ ದಾರಿಗೇ ಎಸೆದುಬಿಟ್ಟಿತು. ನಮ್ಮ ಪಿಎಸ್‌ಎಲ್‌ವಿಗೆ ಅಷ್ಟು ಶಕ್ತಿ ಇರಲಿಲ್ಲ. ಅದು 1,337 ಕಿಲೋ ತೂಕದ ನೌಕೆಯನ್ನು ಭೂಮಿಯ ಸುತ್ತಲಿನ ಒಂದು ಉದ್ದನೆಯ ಮೊಟ್ಟೆಯಾಕಾರದ ಕಕ್ಷೆಯಲ್ಲಿ ಬಿಟ್ಟು ಕೈತೊಳೆದುಕೊಂಡಿತು. ಹತ್ತಿರದ ತುದಿ ನೆಲದಿಂದ ಸುಮಾರು 250 ಕಿ.ಮೀ., ದೂರದ ತುದಿ ಸುಮಾರು 23,500 ಕಿ.ಮೀ. ಮುಂದಿನದ್ದೆಲ್ಲ ನೌಕೆಯ ಪುಟ್ಟ ಎಂಜಿನ್ನಿನ ಪಾಲು.

ಆ ಎಂಜಿನ್ನನ್ನು ಎಲ್ಲಿ ಉರಿಸಬೇಕು? ಇಂಥ ಕಕ್ಷೆಯಲ್ಲಿ ನೌಕೆ ಭೂಮಿಗೆ ಹತ್ತಿರ ಬಂದಾಗ ಸೆಕೆಂಡಿಗೆ ಸುಮಾರು 10 ಕಿ.ಮೀ. ವೇಗದಲ್ಲಿರುತ್ತದೆ, ದೂರ ಹೋದಾಗ ಬರೀ 2.2 ಕಿ.ಮೀ. ವೇಗ ಹೆಚ್ಚಿದ್ದಾಗ ಉರಿಸಿದ ಒಂದು ಕಿಲೋ ಇಂಧನ, ವೇಗ ಕಡಿಮೆ ಇದ್ದಾಗ ಉರಿಸಿದ ಒಂದು ಕಿಲೋಗಿಂತ ನೌಕೆಯ ಚಲನಶಕ್ತಿಯನ್ನು ಹೆಚ್ಚು ಏರಿಸುತ್ತದೆ. ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ ಎಂದು ಹೈಸ್ಕೂಲಿನಲ್ಲಿ ಉರು ಹೊಡೆದ ಸೂತ್ರ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹಾಗಾಗಿ ಪ್ರತಿ ಸಲ ನೌಕೆ ಹತ್ತಿರದ ತುದಿಗೆ ಬಂದಾಗಲೇ ಉರಿಸಿ ದೂರದ ತುದಿಯನ್ನು ಇನ್ನಷ್ಟು ದೂರ ತಳ್ಳುತ್ತ ಹೋದರು. ನಾಲ್ಕನೆಯ ಸಲ ನವೆಂಬರ್ 11ರಂದು ಎಡವಟ್ಟಾಯಿತು. ಸೆಕೆಂಡಿಗೆ 130 ಮೀಟರ್ ಹೆಚ್ಚಬೇಕಿದ್ದ ವೇಗ 35 ಮೀಟರ್ ಮಾತ್ರ ಹೆಚ್ಚಿತು. ಮರುದಿನ ಪೂರಕವಾಗಿ ಇನ್ನೊಮ್ಮೆ ಉರಿಸಿ ಸರಿಪಡಿಸಿದರು. ಇಂಥ ಹೊತ್ತಿನಲ್ಲಿ ಹೊಸ ದಾರಿಯನ್ನು ಕೆಲವೇ ಗಂಟೆಗಳಲ್ಲಿ ಲೆಕ್ಕ ಹಾಕಿ ಕೊಡಬಲ್ಲವರು ಸಂಸ್ಥೆಯಲ್ಲಿರಬೇಕು. ಪಿಎಚ್.ಡಿ. ಪ್ರಬಂಧಗಳು ಬರೀ ಕಪಾಟು ತುಂಬಲು ಎಂದು ತಮಾಷೆ ಮಾಡುವವರು ಈ ಒಂದು ದಿನವನ್ನು ನೆನಪಿಟ್ಟುಕೊಳ್ಳಲಿ.

ಡಿಸೆಂಬರ್ 1ರ ನಡುರಾತ್ರಿ ಕಳೆದ ಮೇಲೆ ಸುಮಾರು 23 ನಿಮಿಷ ಎಂಜಿನ್ ಉರಿಸಿ ಭೂಮಿಯ ಹಿಡಿತದಿಂದ ಬಿಡಿಸಿಕೊಂಡದ್ದು. ಅದಕ್ಕೂ ತಾರೀಖು ಗೊತ್ತಾಗಿತ್ತು. ಹೊರಡುವ ಹೊತ್ತಿಗೆ ಮಂಗಳ ನಮಗಿಂತ ಸುಮಾರು 44 ಡಿಗ್ರಿ ಮುಂದಿರಬೇಕು. ಆಗ ನೌಕೆ ತಿಂಗಳುಗಟ್ಟಲೆ ತೇಲಿ ಆ ಕಕ್ಷೆ ಮುಟ್ಟುವಾಗ ಮಂಗಳವೂ ಅಲ್ಲಿಗೆ ಬಂದಿರುತ್ತದೆ. ಈ ಹೊಂದಿಕೆ ಕೂಡಿಬರುವುದು 26 ತಿಂಗಳಿಗೊಮ್ಮೆ. ಕಡಿಮೆ ಇಂಧನದ ಈ ದಾರಿಯನ್ನು 1925ರಲ್ಲೇ ಪುಸ್ತಕ ಬರೆದು ತೋರಿಸಿದವನು ವಾಲ್ಟರ್ ಹೋಮನ್, ಜರ್ಮನಿಯ ಎಸ್ಸೆನ್ ನಗರದಲ್ಲಿ ಕೆಲಸಕ್ಕಿದ್ದ ಸಿವಿಲ್ ಎಂಜಿನಿಯರ್. ಆಗ ಮಂಗಳದ ಮಾತು ಹಾಗಿರಲಿ, ಭೂಮಿಯನ್ನು ಸುತ್ತುವ ರಾಕೆಟ್ಟೂ ಜಗತ್ತಿನಲ್ಲಿ ಇರಲಿಲ್ಲ.

ಇಷ್ಟಾದರೂ ಕೊನೆಯ ಗಂಡಾಂತರ ಬಾಕಿ ಇತ್ತು. 2014ರ ಸೆಪ್ಟೆಂಬರ್ 24ರಂದು ಮಂಗಳದ ಹತ್ತಿರ ಎಂಜಿನ್ನನ್ನು ಹಿಮ್ಮುಖವಾಗಿ ಸುಮಾರು 24 ನಿಮಿಷ ಉರಿಸಿ ವೇಗ ತಗ್ಗಿಸದಿದ್ದರೆ ನೌಕೆ ಮುಂದಕ್ಕೆ ಹಾರಿಹೋಗುತ್ತಿತ್ತು. ಹತ್ತಿರ ಹತ್ತಿರ 300 ದಿನ ಮಲಗಿದ್ದ ಎಂಜಿನ್ನು ಅದು. ಎರಡು ದಿನ ಮೊದಲು ಸುಮಾರು 4 ಸೆಕೆಂಡು ಉರಿಸಿ ಎದ್ದಿದೆಯೇ ಎಂದು ನೋಡಿದರು. ಬಿಡದಿ ಬಳಿಯ ಬ್ಯಾಲಾಳು ಗ್ರಾಮದಲ್ಲಿ 32 ಮೀಟರ್ ಅಗಲದ ಆಂಟೆನಾ ಇದೆ; ಅಲ್ಲಿಂದ ಹೊರಟ ಸಂಕೇತ ಅಂದು ಮಂಗಳ ಮುಟ್ಟಲು ಸುಮಾರು 12 ನಿಮಿಷ ಬೇಕಿತ್ತು. ಏನಾದರೂ ಕೆಟ್ಟರೆ ಇಲ್ಲಿಂದ ಕೈ ಹಾಕುವಂತಿಲ್ಲ. ಆಗಬಹುದಾದ ತಪ್ಪುಗಳನ್ನೆಲ್ಲ ಮೊದಲೇ ಊಹಿಸಿ, ಹೀಗಾದರೆ ಹೀಗೆ ಮಾಡು ಎಂದು ನೌಕೆಗೆ ಕಲಿಸಿಟ್ಟಿರಬೇಕು. ಹೊರಡುವಾಗಿನ 1,337 ಕಿಲೋದಲ್ಲಿ 852 ಕಿಲೋ ಇಂಧನವೇ ಆಗಿತ್ತು ಎಂದರೆ, ಈ ಲೆಕ್ಕದಲ್ಲಿ ಅರ್ಧ ಪರ್ಸೆಂಟು ಉಳಿಸಿದ ವಿದ್ಯಾರ್ಥಿಗೂ ಬೆಲೆ ಯಾಕೆ ಎಂದು ಗೊತ್ತಾಗುತ್ತದೆ.

ವಿದ್ಯಾರ್ಥಿ ಎಂದು ಸುಮ್ಮನೆ ಹೇಳಿದ್ದಲ್ಲ. 1961ರ ಬೇಸಿಗೆಯಲ್ಲಿ ಮೈಕಲ್ ಮಿನೋವಿಚ್ ಎಂಬ ಸ್ನಾತಕೋತ್ತರ ವಿದ್ಯಾರ್ಥಿ ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ರಜೆಯ ಕೆಲಸಕ್ಕೆ ಸೇರಿದ. ಒಂದು ಗ್ರಹದ ಪಕ್ಕದಿಂದ ಹಾದುಹೋಗುವ ನೌಕೆ ಆ ಗ್ರಹದ ಓಟದಿಂದಲೇ ಒಂದಿಷ್ಟು ವೇಗ ಪಡೆಯಬಹುದು, ಅದಕ್ಕೆ ಇಂಧನ ಬೇಡ ಎಂಬುದನ್ನು ಅವನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದ. 1965ರಲ್ಲಿ ಅದೇ ಪ್ರಯೋಗಾಲಯಕ್ಕೆ ಬಂದ ಇನ್ನೊಬ್ಬ ವಿದ್ಯಾರ್ಥಿ ಗ್ಯಾರಿ ಫ್ಲ್ಯಾಂಡ್ರೋ, 1970ರ ದಶಕದ ಕೊನೆಗೆ ಗುರು, ಶನಿ, ಯುರೇನಸ್, ನೆಪ್ಚೂನ್ ನಾಲ್ಕೂ ಒಂದರಿಂದೊಂದಕ್ಕೆ ಜಿಗಿಯುವಂತೆ ಜೋಡಿಸಿಕೊಳ್ಳುತ್ತವೆ ಎಂದು ಗುರುತಿಸಿದ. ಅಂಥ ಜೋಡಣೆ ಮತ್ತೆ ಬರುವುದು ಸುಮಾರು 175 ವರ್ಷಕ್ಕೆ. 1977ರ ಆಗಸ್ಟ್ 20ರಂದು ಹೊರಟ ವಾಯೇಜರ್-2 ಈ ದಾರಿಯಲ್ಲೇ ಹೋಗಿ 12 ವರ್ಷಕ್ಕೆ ನೆಪ್ಚೂನ್ ಮುಟ್ಟಿತು. ಹೋಮನ್‌ನ ದಾರಿಯಲ್ಲಾಗಿದ್ದರೆ ಸುಮಾರು 30 ವರ್ಷ ಬೇಕಿತ್ತು.

ನೌಕೆಯ ಹೊರಳಾಟದ ಶಾಸ್ತ್ರಕ್ಕೆ ಇಂಥ ರೋಚಕತೆ ಕಡಿಮೆ, ಪೆಟ್ಟು ಮಾತ್ರ ಜೋರು. 1958ರಲ್ಲಿ ಅಮೆರಿಕದ ಮೊದಲ ಉಪಗ್ರಹ ಎಕ್ಸ್‌ಪ್ಲೋರರ್-1 ಪೆನ್ಸಿಲಿನಂತೆ ಉದ್ದಕ್ಕಿತ್ತು. ಉದ್ದದ ಅಕ್ಷದ ಸುತ್ತ ತಿರುಗುತ್ತ ಸ್ಥಿರವಾಗಿರಲಿ ಎಂದು ಕಳಿಸಿದರು. ಹೆಚ್ಚು ಹೊತ್ತು ಕಳೆಯುವ ಮೊದಲೇ ಅದು ಅಡ್ಡಡ್ಡವಾಗಿ ಪಲ್ಟಿ ಹೊಡೆಯತೊಡಗಿತ್ತು. ಬಳುಕುವ ನಾಲ್ಕು ಆಂಟೆನಾ ತಂತಿಗಳು ಅಲುಗುತ್ತ ಶಕ್ತಿಯನ್ನು ಸೋರಿಸಿದ್ದು ಕಾರಣ. ನೌಕೆಯನ್ನು ಬಳುಕದ ಗಟ್ಟಿ ವಸ್ತು ಎಂದುಕೊಂಡು ಮಾಡಿದ ಲೆಕ್ಕ ಅಲ್ಲಿ ಸೋತಿತು. ಬಿಚ್ಚಿಕೊಳ್ಳುವ ಸೌರಫಲಕ, ಟ್ಯಾಂಕಿನೊಳಗೆ ಕುಲುಕುವ ಇಂಧನ, ತಿರುಗುವ ಚಕ್ರ ಎಲ್ಲವನ್ನೂ ಸಮೀಕರಣಕ್ಕೆ ತರುವುದು ಇವತ್ತಿಗೂ ಸಂಶೋಧನೆಯ ವಿಷಯ.

ನಮ್ಮದೇ ಉದಾಹರಣೆ ಚಂದ್ರಯಾನ-2ರ ವಿಕ್ರಮ್. 2019ರ ಸೆಪ್ಟೆಂಬರಿನಲ್ಲಿ ಅದು ಚಂದ್ರನಿಗೆ ಬಡಿದದ್ದು ಯಾಕೆ ಎಂದು ಇಸ್ರೋ ಆಮೇಲೆ ಬಿಡಿಸಿ ಹೇಳಿತು. ಐದು ಎಂಜಿನ್ನುಗಳು ಅಂದುಕೊಂಡದ್ದಕ್ಕಿಂತ ಹೆಚ್ಚು ನೂಕಿದವು, ತಪ್ಪು ಒಂದರ ಮೇಲೊಂದು ಸೇರಿತು, ತಿದ್ದಿಕೊಳ್ಳಲು ನೌಕೆ ರಭಸದಲ್ಲಿ ತಿರುಗಬೇಕಾಯಿತು, ಅಷ್ಟು ರಭಸಕ್ಕೆ ಸಾಫ್ಟ್‌ವೇರಿನಲ್ಲಿ ಮಿತಿ ಇತ್ತು. ಇಳಿಯುವ ಜಾಗವೂ 500 ಮೀಟರ್ ಉದ್ದಗಲದ್ದು ಮಾತ್ರ. ಚಂದ್ರಯಾನ-3ಕ್ಕೆ ಅದನ್ನು 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲಕ್ಕೆ ಹಿಗ್ಗಿಸಿದರು. ಚಳ್ಳಕೆರೆ ಬಳಿಯ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಮೇಲಿರುವಂಥ ಗುಂಡಿಗಳನ್ನು ತೋಡಿಸಿ ಮೇಲಿನಿಂದ ಸೆನ್ಸರುಗಳನ್ನು ಪರೀಕ್ಷಿಸಿದ್ದೂ ಇದೇ ಯೋಜನೆಗಳಿಗಾಗಿ. ಕುರಿ ಮೇಯುವ ಚಿತ್ರದುರ್ಗದ ಬಯಲು ಚಂದ್ರಲೋಕವಾದದ್ದನ್ನು ಬಯಲಾಟದ ಭಾಗವತರು ಯಾರಾದರೂ ಪ್ರಸಂಗ ಮಾಡಬೇಕು.

ಈ ಓದಿಗೆಲ್ಲ ನಮ್ಮ ಕರಾವಳಿಯಲ್ಲಿ ಮೊದಲಿಗರು ಯಾರು ಎಂದು ಹುಡುಕಿದರೆ ಅದಮಾರಿಗೆ ಹೋಗಬೇಕು. ಉಡುಪಿ ರಾಮಚಂದ್ರ ರಾವ್ ಹುಟ್ಟಿದ್ದು ಅಲ್ಲಿ, 1932ರ ಮಾರ್ಚ್ 10ರಂದು. ಆರ್ಯಭಟ ಉಪಗ್ರಹ ಕಟ್ಟಿದವರು, ಹತ್ತು ವರ್ಷ ಇಸ್ರೋ ನಡೆಸಿದವರು ಎಂದು ಎಲ್ಲರಿಗೂ ಗೊತ್ತು. ಅವರು ವಿದ್ಯಾರ್ಥಿಯಾಗಿದ್ದಾಗ ಏನು ಮಾಡಿದರು ಎನ್ನುವುದು ಅಷ್ಟು ಗೊತ್ತಿಲ್ಲ. ಉಡುಪಿಯಲ್ಲಿ ಹೈಸ್ಕೂಲು, ಅನಂತಪುರದಲ್ಲಿ ಕಾಲೇಜು, ಬನಾರಸಿನಲ್ಲಿ ಎಂ.ಎಸ್ಸಿ.; ಆಮೇಲೆ ಅಹಮದಾಬಾದಿನಲ್ಲಿ ವಿಕ್ರಮ್ ಸಾರಾಭಾಯಿ ಅವರ ಕೆಳಗೆ ವಿಶ್ವಕಿರಣಗಳ ಬಗ್ಗೆ ಪಿಎಚ್.ಡಿ. ಅದು ಮುಗಿಸಿ ಅಮೆರಿಕದ ಎಂಐಟಿಯಲ್ಲಿದ್ದಾಗ ಮ್ಯಾರಿನರ್-2 ಶುಕ್ರ ಗ್ರಹಕ್ಕೆ ಹೊರಟಿತು. ಅದು ದಾರಿಯುದ್ದಕ್ಕೂ ಕಳಿಸಿದ ಅಂಕಿಗಳನ್ನು ಓದಿ, ಸೂರ್ಯನಿಂದ ಬೀಸುವ ಕಣಗಳ ಗಾಳಿ ಎಡೆಬಿಡದೆ ಬೀಸುತ್ತಲೇ ಇರುತ್ತದೆ, ಭೂಮಿಯ ಕಾಂತಕ್ಷೇತ್ರವನ್ನು ಕಲಕುತ್ತದೆ ಎಂದು ತೋರಿಸಿದ ಮೊದಲಿಗರಲ್ಲಿ ರಾವ್ ಒಬ್ಬರು. 1966ರಲ್ಲಿ ದೇಶಕ್ಕೆ ಮರಳಿದವರು 1972ರಿಂದ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಉಪಗ್ರಹ ಕಟ್ಟಲು ಕುಳಿತರು. 1975ರ ಏಪ್ರಿಲ್ 19ರಂದು 360 ಕಿಲೋದ ಆರ್ಯಭಟ ಹಾರಿತು. ಅದರೊಳಗೆ ಇಟ್ಟದ್ದೂ ಎಕ್ಸ್-ರೇ ಖಗೋಳ, ಸೌರ ವಿಜ್ಞಾನ, ಮೇಲ್ವಾಯುಮಂಡಲದ ಪ್ರಯೋಗಗಳನ್ನು. ಐದನೆಯ ದಿನಕ್ಕೆ ವಿದ್ಯುತ್ ಕೈಕೊಟ್ಟು ಆ ಪ್ರಯೋಗಗಳು ನಿಂತವು. ಕಟ್ಟಿದವರು ಎದೆಗುಂದಲಿಲ್ಲ; ಮುಂದಿನ ಉಪಗ್ರಹಕ್ಕೆ ಕೈ ಹಾಕಿದರು. ರಾವ್ ಅವರನ್ನು ನಾವು ಎಂಜಿನಿಯರ್ ಎಂದೇ ಕೊಂಡಾಡುತ್ತೇವೆ. ನನ್ನ ಮಟ್ಟಿಗೆ ಅವರು ಅಂಕಿ ಓದಲು ಕಲಿತ ಭೌತವಿಜ್ಞಾನಿ. ಉಪಗ್ರಹ ಕಟ್ಟಿದ್ದು ಇನ್ನಷ್ಟು ಅಂಕಿ ಬೇಕಿತ್ತು ಎಂದು.

ಇನ್ನು ಗ್ರಹಗಳ ಮಣ್ಣು. ನಮ್ಮ ಕಡೆ ಗುಡ್ಡ ಕಡಿದಲ್ಲಿ, ಬಾವಿ ತೋಡಿದಲ್ಲಿ ಮೇಲೆ ಮುರಕಲ್ಲು, ಅದು ಮುಗಿದ ಕೂಡಲೇ ಬಿಳಿ, ಹಳದಿ, ತೆಳು ಗುಲಾಬಿ ಬಣ್ಣದ ಶೇಡಿ ಮಣ್ಣು. ಒಣಗಿದ್ದಾಗ ಗಟ್ಟಿ, ನೀರು ಕುಡಿದರೆ ಜರಿಯುತ್ತದೆ. ಮಳೆಗಾಲದಲ್ಲಿ ಹೆದ್ದಾರಿ ಬದಿಯ ಗುಡ್ಡಗಳು ಕುಸಿದಾಗ ಬೈಸಿಕೊಳ್ಳುವುದು ಗುತ್ತಿಗೆದಾರರು. ಕೆಳಗೆ ಕುಳಿತು ಕೆಲಸ ಕೆಡಿಸುವುದು ಬಹಳ ಸಲ ಈ ಶೇಡಿ. ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಸುರಿಯುವ ಬಿಸಿ ನೆಲದಲ್ಲಿ ಕಪ್ಪು-ಬೂದು ಶಿಲೆ ಲಕ್ಷಗಟ್ಟಲೆ ವರ್ಷ ನೆನೆದಾಗ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಒಂದಿಷ್ಟು ಸಿಲಿಕಾ ತೊಳೆದುಹೋಗುತ್ತವೆ. ಕರಗದ ಕಬ್ಬಿಣ, ಅಲ್ಯುಮಿನಿಯಂ ಉಳಿಯುತ್ತವೆ. ಮೇಲೆ ಕೆಂಪಗೆ ಗಟ್ಟಿಯಾದದ್ದು ಮುರಕಲ್ಲು. ಕೆಳಗಿನ ಬಿಳಿ ಮಣ್ಣಿನ ಮುಖ್ಯ ಖನಿಜ ಕೆಯೋಲಿನೈಟ್.

2021ರ ಫೆಬ್ರವರಿ 18ರಂದು ಮಂಗಳದ ಜೆಝೀರೋ ಕುಳಿಯಲ್ಲಿ ಇಳಿದ ನಾಸಾದ ಪರ್ಸಿವಿಯರೆನ್ಸ್ ರೋವರ್ ದಾರಿಯಲ್ಲಿ ಬಿಡಿಬಿಡಿಯಾಗಿ ಬಿದ್ದಿದ್ದ ಬಿಳಿಚು ಕಲ್ಲುಗಳನ್ನು ಕಂಡಿತು. ಲೇಸರ್ ಹಾಯಿಸಿ ನೋಡಿದರೆ ಅಲ್ಯುಮಿನಿಯಂ ಹೇರಳ, ಖನಿಜ ಕೆಯೋಲಿನೈಟ್. ಇವತ್ತು ಮಂಗಳದ ಗಾಳಿಯ ಒತ್ತಡ ಭೂಮಿಯ ಒಂದು ಪರ್ಸೆಂಟಿಗಿಂತ ಕಡಿಮೆ; ಹೊಳೆ ಹರಿಯುವ ಮಾತೇ ಇಲ್ಲ. ಹಾಗಾದರೆ ಈ ಕಲ್ಲುಗಳನ್ನು ತೊಳೆದ ನೀರು ಯಾವುದು? ಒಂದು ಕಾಲದಲ್ಲಿ ಅಲ್ಲಿ ಯುಗಗಟ್ಟಲೆ ಜಡಿಮಳೆ ಹೊಯ್ದಿತೇ, ಅಥವಾ ನೆಲದಡಿಯಿಂದ ಎದ್ದ ಬಿಸಿನೀರು ಕಲ್ಲನ್ನು ಕೊರೆಯಿತೇ? ಎರಡೂ ಕೆಯೋಲಿನೈಟ್ ಕೊಡಬಲ್ಲವು. ಉಳಿದ ಲೋಹಗಳ ಪ್ರಮಾಣ ಮಾತ್ರ ಬೇರೆ ಬೇರೆ ಇರುತ್ತದೆ. ಭೂಮಿಯ ಹಳೆಯ ಮಣ್ಣುಗಳ ಜೊತೆ ಹೋಲಿಸಿ ನೋಡಿದ ಈಚಿನ ಅಧ್ಯಯನ ಮಳೆಯ ಕಡೆಗೆ ವಾಲಿದೆ. ಆದರೆ ಆ ಕಲ್ಲುಗಳು ಯಾವ ಬೆಟ್ಟದಿಂದ ಬಂದವು, ಹೊಳೆ ತಂದದ್ದೋ ಉಲ್ಕೆ ಬಡಿದು ಸಿಡಿದದ್ದೋ ಎಂಬುದು ಇತ್ಯರ್ಥವಾಗಿಲ್ಲ. ಇಂಥದ್ದೇ ಒಂದು ಒಳ್ಳೆಯ ಪಿಎಚ್.ಡಿ. ಪ್ರಶ್ನೆ. ಮಳೆ ತೊಳೆದ ಶೇಡಿಯ ರಾಸಾಯನಿಕ ಚಹರೆಯನ್ನು ಪದರ ಪದರವಾಗಿ ಓದಬೇಕೆಂದರೆ ಮಾಣಿ ಸುತ್ತಮುತ್ತಲಿನವರು ವಿಮಾನ ಹತ್ತಬೇಕಿಲ್ಲ. ಗುಜರಾತಿನ ಕಚ್ಛದ ಮಾತಾನಾಮಢದಲ್ಲಿ ಮಂಗಳದ ಮೇಲಿರುವ ಜಾರೋಸೈಟ್ ಖನಿಜ ಸಿಕ್ಕಿತೆಂದು ನಮ್ಮ ವಿಜ್ಞಾನಿಗಳು ಆ ಊರನ್ನೇ ಪ್ರಯೋಗಶಾಲೆ ಮಾಡಿಕೊಂಡಿದ್ದಾರೆ.

ಚಂದ್ರನಲ್ಲೂ ಇದೇ ಬಗೆ. ಚಂದ್ರಯಾನ-3ರ ಪ್ರಜ್ಞಾನ್ ರೋವರ್ ಸುಮಾರು 100 ಮೀಟರ್ ಓಡಾಡಿ 23 ಕಡೆ ಮಣ್ಣಿನ ಧಾತುಗಳನ್ನು ಅಳೆಯಿತು. ಅಳೆಯುವ ಉಪಕರಣ ಮಾಡಿದ್ದು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ, ಅಂದರೆ ಯು.ಆರ್. ರಾವ್ ಓದಿದ ಅದೇ ಪಿಆರ್‌ಎಲ್. 2024ರ ಆಗಸ್ಟಿನಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಫಲಿತಾಂಶದ ಸಾರ ಇಷ್ಟು: ದಕ್ಷಿಣದ ಆ ಭಾಗದ ಮಣ್ಣೂ ಹಗುರ ಬಿಳಿ ಶಿಲೆಯಾದ ಅನಾರ್ಥೊಸೈಟ್‌ನಿಂದ ಆದದ್ದು, ಹುಟ್ಟಿದ ಹೊಸತರಲ್ಲಿ ಚಂದ್ರ ಕರಗಿದ ಶಿಲೆಯ ಸಮುದ್ರವಾಗಿತ್ತು ಎಂಬ ಮಾತಿಗೆ ಬಲ ಬಂತು. ಚಂದ್ರ ಹೇಗೆ ಹುಟ್ಟಿತು ಎಂಬ ಪ್ರಶ್ನೆಗೆ 100 ಮೀಟರಿನ ಓಡಾಟ ಸಾಕ್ಷಿ ಹೇಳಿತು.

ನಮ್ಮ ಜಿಲ್ಲೆಯ ಮನೆಗಳಲ್ಲಿ ಈ ವಿಷಯ ಎತ್ತಿದರೆ ಬರುವ ಮೊದಲ ಮಾತು ಗೊತ್ತೇ ಇದೆ: "ಅದೆಲ್ಲ ಓದಿ ಮುಂದೆ ಎಂತ ಉಂಟು?" ಪ್ರಶ್ನೆ ನ್ಯಾಯವಾದದ್ದೇ. ಈ ಕ್ಷೇತ್ರದಲ್ಲಿ ಕೆಲಸಗಳು ಕಂಪ್ಯೂಟರ್ ಸೈನ್ಸಿನಷ್ಟು ಇಲ್ಲ. ಇಸ್ರೋ, ವಿಶ್ವವಿದ್ಯಾಲಯಗಳು, ಬಾಹ್ಯಾಕಾಶದ ಕಸದ ಜಾಡು ಹಿಡಿಯುವ ಬೆಂಗಳೂರಿನ ದಿಗಂತರದಂಥ ಕೆಲವು ಹೊಸ ಕಂಪೆನಿಗಳು, ಹೆಚ್ಚುಕಡಿಮೆ ಅಷ್ಟೇ. ಓದುವ ಕಾಲದಲ್ಲಿ ಹಸಿವೆಯಂತೂ ಇಲ್ಲ. ಕೇಂದ್ರದ ಫೆಲೋಶಿಪ್ ಸಿಕ್ಕಿದರೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಮನೆಬಾಡಿಗೆ ಭತ್ಯೆ ಬೇರೆ. ಎಂಜಿನಿಯರಿಂಗ್ ಮಾಡಿದವರಿಗೆ ಗೇಟ್, ವಿಜ್ಞಾನ ಓದಿದವರಿಗೆ ನೆಟ್ ಅಥವಾ ಜೆಸ್ಟ್ ಬಾಗಿಲು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಏರೋಸ್ಪೇಸ್ ವಿಭಾಗ 1942ರಿಂದ ಇದೆ. ತಿರುವನಂತಪುರದ ಐಐಎಸ್‌ಟಿ ಈ ವಿಷಯಗಳಿಗೆಂದೇ 2007ರಲ್ಲಿ ಶುರುವಾಯಿತು.

ನನ್ನ ತಕರಾರು ಬೇರೆ ಕಡೆ. ದಾರಿಯ ಲೆಕ್ಕಕ್ಕೆ ಗಣಿತ ಬೇಕು, ಅದನ್ನು ಕಲಿಸುವವರು ಇಲ್ಲಿ ಇದ್ದಾರೆ. ಮಣ್ಣಿನ ಓದಿಗೆ ಭೂವಿಜ್ಞಾನ ಬೇಕು. ಕೆಂಪುಕಲ್ಲಿನ ಮೇಲೆ ಕಟ್ಟಿದ, ಕೆಂಪುಕಲ್ಲಿನಿಂದಲೇ ಕಟ್ಟಿದ ನಮ್ಮ ಪಿಯು ಕಾಲೇಜುಗಳಲ್ಲಿ ಆ ವಿಷಯ ಹುಡುಕಿದರೂ ಸಿಗುವುದು ಕಷ್ಟ. ಪಿಸಿಎಂಬಿ ಅಥವಾ ಪಿಸಿಎಂಸಿ, ಅದರಾಚೆ ವಿಜ್ಞಾನವೇ ಇಲ್ಲ ಎಂಬಂತೆ ನಡೆದಿದೆ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಚಂದ್ರಯಾನ-4ಕ್ಕೆ 2,104 ಕೋಟಿ, ಶುಕ್ರನನ್ನು ಸುತ್ತುವ ನೌಕೆಗೆ 1,236 ಕೋಟಿ ರೂಪಾಯಿ ಮಂಜೂರು ಮಾಡಿತು. ಮೊದಲನೆಯದು ಚಂದ್ರನ ಮಣ್ಣನ್ನೇ ಹೊತ್ತು ತರುವ ಯೋಜನೆ. ಆ ಮಣ್ಣು ಬಂದಾಗ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಓದಬೇಕಾದವರು ಈಗ ಹೈಸ್ಕೂಲು, ಪಿಯುಸಿಯಲ್ಲಿದ್ದಾರೆ.

ಅಲ್ಲಿಯವರೆಗೆ ಕಾಯಬೇಕಾದ್ದೂ ಇಲ್ಲ. ಚಂದ್ರಯಾನ-2ರ ಕಕ್ಷಾಗಾಮಿ ಕಳಿಸಿದ ಚಿತ್ರ, ಅಂಕಿಅಂಶಗಳನ್ನು ಬ್ಯಾಲಾಳಿನ ದತ್ತಾಂಶ ಕೇಂದ್ರ 'ಪ್ರದಾನ್' ಎಂಬ ತಾಣದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಆದಿತ್ಯ-ಎಲ್1ರದ್ದೂ ಅಲ್ಲೇ ಸಿಗುತ್ತದೆ. ಹೆಸರು ನೋಂದಾಯಿಸಿದರೆ ಸಾಕು, ದುಡ್ಡಿಲ್ಲ. ಚಂದ್ರನ ನೆಲದ ಮೇಲಿನ ಮೂವತ್ತು ಸೆಂಟಿಮೀಟರಿನ ವಸ್ತುವನ್ನೂ ತೋರಿಸಬಲ್ಲ ಕ್ಯಾಮೆರಾದ ಚಿತ್ರಗಳಿವೆ. ಯಾನದ ದಾರಿ ಲೆಕ್ಕ ಹಾಕುವ ನಾಸಾದ ಜಿಮ್ಯಾಟ್ ತಂತ್ರಾಂಶವೂ ಉಚಿತ. ಮಂಗಳಕ್ಕೆ ಮುಂದಿನ ಬಾಗಿಲು ಯಾವ ತಿಂಗಳು ತೆರೆಯುತ್ತದೆ ಎಂದು ಹುಡುಕುವುದರಿಂದ ಶುರು ಮಾಡಬಹುದು. ಪ್ರದಾನ್‌ನ ಫೈಲುಗಳು ಮಾತ್ರ ಭಾರೀ ದೊಡ್ಡವು. ಮಳೆಗಾಲದಲ್ಲಿ ನಮ್ಮ ಕಡೆಯ ಕರೆಂಟು, ನೆಟ್‌ವರ್ಕು ನಂಬಿ ಹಗಲು ಕುಳಿತುಕೊಳ್ಳುವುದಕ್ಕಿಂತ ರಾತ್ರಿ ಹಾಕಿಟ್ಟು ಮಲಗುವುದೇ ಒಳ್ಳೆಯದು.